ಕಿರುನಾಟಕ ಬರೆದವರ ಹೆಸರೂ ಹಾಕಿ

ಸಂಪಾದಕರೇ,

ಕಳೆದ ವಾರ ಉಡುಪಿಯಲ್ಲಿ ಇಪ್ಪತ್ತು ನಿಮಿಷದ ಒಂದು ಏಕವ್ಯಕ್ತಿ ನಾಟಕ ನೋಡಿದೆ. ಸ್ಟೇಜಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೀಲ್ ಲೋಟ ಅಷ್ಟೇ. ಮುಂಬೈಗೆ ಹೋದ ಮಗನ ಫೋನಿಗೆ ಕಾಯುವ ತಾಯಿಯ ಪಾತ್ರ, ಆಕೆ ಲೋಟವನ್ನು ಸೆರಗಲ್ಲಿ ಒರೆಸ್ತಾನೇ ಇದ್ರು, ಮಾತು ನಿಲ್ಲಿಸಿದ್ರೂ ಕೈ ನಿಲ್ಲಲಿಲ್ಲ, ನಂಗೆ ಮನೆಗೆ ಬಂದ್ಮೇಲೂ ಅದೇ ಕಣ್ಣ ಮುಂದೆ.

ಒಬ್ಬರೇ ಕೂತು ಮಾತಲ್ಲೇ ಪಾತ್ರ ಕಟ್ಟುದು ನಮ್ಮ ಕರಾವಳಿಗೆ ಹೊಸತಲ್ಲ, ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ, ಅರ್ಥಧಾರಿಗಳ ಅಂದ್ರೆ ಪಾತ್ರವಾಗಿ ಮಾತಾಡುವವರ ಪೀಠಿಕೆ ಕೇಳಿ ಬೆಳೆದವರು ನಾವು. ಗಿರೀಶ ಕಾರ್ನಾಡರ 'ಒಡಕಲು ಬಿಂಬ'ದಲ್ಲೂ ಒಬ್ಬಳೇ ನಟಿ, ಟಿವಿ ಪರದೆಯಲ್ಲಿರುವ ತನ್ನದೇ ಬಿಂಬದ ಜೊತೆ ಮಾತಾಡ್ತಾಳೆ, ಅಷ್ಟರಲ್ಲೇ ಎಷ್ಟೆಲ್ಲ ಬಯಲಾಗ್ತದೆ ನೋಡಿ. ಕಿರುನಾಟಕ ಅಂದ್ರೆ ದೊಡ್ಡ ನಾಟಕಕ್ಕೆ ಮೊದಲಿನ ಪ್ರಾಕ್ಟೀಸ್ ಅಂತ ತುಂಬ ಜನ ತಿಳ್ಕೊಂಡಿದ್ದಾರೆ, ಅದು ತಪ್ಪು. ಒಂದು ವಾಕ್ಯ ಹೆಚ್ಚಾದ್ರೂ ಕೆಡ್ತದೆ, ಬರೆಯುದು ಬಹಳ ಕಷ್ಟ.

ನಂಗೆ ಬೇಜಾರಾದದ್ದು ಒಂದೇ, ಆಮಂತ್ರಣದಲ್ಲಿ ಉದ್ಘಾಟಕರು, ಮುಖ್ಯ ಅತಿಥಿಗಳು, ಪ್ರಾಯೋಜಕರು ಎಲ್ಲರೂ ಇದ್ರು, ನಾಟಕ ಬರೆದವರ ಹೆಸರೇ ಇರಲಿಲ್ಲ! ಕೊನೆಗೆ ನಟಿಯ ಹತ್ರಾನೇ ಕೇಳಿ ತಿಳ್ಕೊಂಡೆ, ಬರೆದದ್ದು ಇನ್ನೂ ಚಿಕ್ಕ ಪ್ರಾಯದ ಹುಡುಗಿಯಂತೆ.

ನಿಮ್ಮ ಪೇಪರಲ್ಲಿ ವಾರಕ್ಕೊಮ್ಮೆಯಾದ್ರೂ ಇಂಥ ನಾಟಕಗಳ ಬಗ್ಗೆ ನಾಲ್ಕು ಸಾಲು ಬರಲಿ, ಬರೆದವರ ಹೆಸರಿನ ಜೊತೆಗೆ. ಮಂಗಳೂರಲ್ಲಿ ಎಲ್ಲಿ, ಉಡುಪಿಯಲ್ಲಿ ಎಲ್ಲಿ ಅಂತ ಮೊದಲೇ ಹಾಕಿದ್ರೆ ನಮ್ಮಂಥವರು ಬಸ್ ಹತ್ತಿ ಬರ್ತೇವೆ.

– ಓರ್ವ ಓದುಗ, ಉಡುಪಿ