ಚೀಟಿಯ ಕೊನೆಯ ಸಾಲು

ಗೆಳೆಯಾ,

ಭಾನುವಾರ ನೀನು ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದೆ. ಅದರಲ್ಲಿ ಎಂಟು ನಿಮಿಷ ಮಳೆ, ತೊಗರಿ, ನಿನ್ನ ಮಂಡಿನೋವು. ಉಳಿದ ಎರಡು ನಿಮಿಷದಲ್ಲಿ ‘ಆ ತೊಂದರೆ’ ಎಂದು ನಾಲ್ಕು ಸಲ ಹೇಳಿ, ತಂಗಿಯ ಮಗಳಿಗೆ ಇನ್ನು ಮಕ್ಕಳಾಗುತ್ತವೆಯೇ ಎಂದು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಪಕ್ಕಕ್ಕೆ ಯಾರೋ ಬಂದರೆಂದು ಕಾಣುತ್ತದೆ, ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಫೋಟೊ ಮಾತ್ರ ಬಂತು, ಒಂದು ಅಕ್ಷರವೂ ಜೊತೆಗಿಲ್ಲದೆ. ನಾಚಿಕೆಪಡುವವರಿಗೆ ಕಾಗದವೇ ವಾಸಿ. ಅದಕ್ಕೆ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರ ತೆಗೆದು ನಾಲ್ಕು ಜನರಿಗೂ ಓದಿಸುತ್ತೇನೆಂದರೆ ನೀನು ಬೇಡವೆನ್ನಲಿಲ್ಲ, ಆ ಧೈರ್ಯಕ್ಕೆ ಸಂತೋಷ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಈ ವರ್ಷ ಬೇಡ, ಮತ್ತು ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಂತೂ ಬೇಡವೇ ಬೇಡ.

‘ಆ ತೊಂದರೆ’ಗೆ ಹೆಸರಿದೆ, ಫಿಸ್ಟುಲಾ. ಎರಡು ಅಂಗಗಳ ನಡುವೆ ಇರಬಾರದ ತೂತು. ಅವಳಿಗೆ ಆದದ್ದು ಮೂತ್ರಚೀಲಕ್ಕೂ ಯೋನಿಗೂ ನಡುವೆ. ಚಿಕ್ಕವರಿದ್ದಾಗ ಬೆರಳಿಗೆ ದಾರ ಬಿಗಿಯಾಗಿ ಸುತ್ತಿಕೊಂಡು, ತುದಿ ನೀಲಿಯಾಗುವುದನ್ನು ನೋಡುತ್ತಾ ಪಾಠ ಮರೆಯುತ್ತಿದ್ದೆವಲ್ಲ? ದಾರ ಬಿಚ್ಚಿದ ಕೂಡಲೇ ರಕ್ತ ಮರಳುತ್ತಿತ್ತು. ಹೆರಿಗೆಯಲ್ಲಿ ಮಗುವಿನ ತಲೆ ಸೊಂಟದ ಮೂಳೆಯಲ್ಲಿ ಸಿಕ್ಕಿಕೊಂಡಾಗ ಮೂತ್ರಚೀಲ ಆ ತಲೆಗೂ ಮುಂದಿನ ಮೂಳೆಗೂ ನಡುವೆ ಒತ್ತಿಹೋಗುತ್ತದೆ. ಸಕಾಲಕ್ಕೆ ಸಿಸೇರಿಯನ್ ಆದರೆ ದಾರ ಬಿಚ್ಚಿದಂತೆ. ಅವಳ ಪಾಲಿಗೆ ಎರಡು ರಾತ್ರಿ, ಒಂದು ಹಗಲು ಯಾರೂ ಬಿಚ್ಚಲಿಲ್ಲ. ರಕ್ತ ಹರಿಯದ ಆ ಜಾಗ ಸತ್ತುಹೋಯಿತು. ಮಗುವೂ ಉಳಿಯಲಿಲ್ಲ. ಇಂತಹ ಹೆರಿಗೆಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುವುದಿಲ್ಲ.

ಸತ್ತ ಜಾಗ ಅಂದೇ ಉದುರುವುದಿಲ್ಲ. ಮೂರು ದಿನದಿಂದ ಹತ್ತು ದಿನ ಹಿಡಿಯುತ್ತದೆ. ಅವಳಿಗೆ ಎಂಟನೆಯ ದಿನ ಮೂತ್ರ ಸೋರಲು ಶುರುವಾಯಿತು ಎಂದೆಯಲ್ಲ, ಅದಕ್ಕೇ. ಮನೆಯವರು ‘ಆಸ್ಪತ್ರೆಯವರು ಏನೋ ಕತ್ತರಿಸಿಬಿಟ್ಟರು’ ಎಂದು ಬೈದರಂತೆ. ಅಂತಹದ್ದು ಆಗುವುದೇ ಇಲ್ಲವೆಂದು ನನ್ನ ವೃತ್ತಿಯವರ ಪರ ವಕಾಲತ್ತು ಮಾಡುವುದಿಲ್ಲ. ಗರ್ಭಕೋಶ ತೆಗೆಯುವಾಗ ಮೂತ್ರಚೀಲಕ್ಕೆ ಏಟು ಬಿದ್ದು ಫಿಸ್ಟುಲಾ ಆದವರನ್ನು ನಾನೇ ಎಷ್ಟೋ ಮಂದಿ ನೋಡಿದ್ದೇನೆ. ಅವಳ ಕತೆ ಅದಲ್ಲ. ಅವಳನ್ನು ಹಾಳುಮಾಡಿದ್ದು ಆ ಎರಡು ರಾತ್ರಿ.

ಆ ಎರಡು ರಾತ್ರಿ ಎಲ್ಲಿಂದ ಬಂದವು ಎಂಬುದನ್ನೂ ನೀನೇ ಹೇಳಿದ್ದೀಯ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು ಗಂಡನೊಂದಿಗೆ ಕಬ್ಬು ಕಡಿಯಲು ಗುಳೆ ಹೋಗಿದ್ದಳು. ಮುಂಗಡ ಎಣಿಸಿಕೊಂಡದ್ದು ಗಂಡಹೆಂಡಿರ ಜೋಡಿಯ ಲೆಕ್ಕದಲ್ಲಿ. ಅವಳು ಹಿಂದಿರುಗಿದರೆ ಅರ್ಧ ದುಡ್ಡು ಮರಳಿಸಬೇಕು. ತಾಯಿ ಕಾರ್ಡ್ ಊರಲ್ಲಿ ಟ್ರಂಕಿನೊಳಗೆ, ಆಶಾ ಕಾರ್ಯಕರ್ತೆಯೂ ಊರಲ್ಲಿ. ನೋವು ಶುರುವಾದದ್ದು ರಾತ್ರಿ. 108ಕ್ಕೆ ಕರೆ ಮಾಡೋಣವೆಂದರೆ ಆ ಜಾಗದ ಹೆಸರು ಗುಡಿಸಲಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಹೋದರು.

ಇನ್ನೊಂದು ಮಾತು, ಬೇಸರವಾದರೆ ಆಗಲಿ. ಅವಳ ಮದುವೆಯಲ್ಲಿ ಊಟ ಬಡಿಸಿದ ಫೋಟೊ ನೀನೇ ಕಳುಹಿಸಿದ್ದೆ. ಆಗ ಅವಳಿಗೆ ಹದಿನೇಳು. ಹದಿಹರೆಯದಲ್ಲಿ ಎತ್ತರ ನಿಂತ ಮೇಲೂ ಸೊಂಟದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 100 ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತವೆ. ಅದೇ ಸಮೀಕ್ಷೆಯಲ್ಲಿ, 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಿಗೊಬ್ಬರಂತೆ 18 ತುಂಬುವ ಮೊದಲೇ ಮದುವೆಯಾದವರು. ಮೊದಲ ಅಂಕಿ ನೋಡಿ ನಾವು ವೈದ್ಯರು ಬೀಗುತ್ತೇವೆ. ಎರಡನೆಯದು ನಿನ್ನಂತಹ ಮೇಷ್ಟ್ರುಗಳ ಪಾಲಿಗಿರಲಿ.

ಸರಿ, ಚೀಟಿಗೆ ಬರುತ್ತೇನೆ. ತೂತು ಮುಚ್ಚಲು ಹಾಕಿದ ಹೊಲಿಗೆ ಚೆನ್ನಾಗಿ ಕೂತಿದೆ ಎಂದು ಬರೆದಿದ್ದಾರೆ. ಬಿಡುಗಡೆಗೆ ಮುಂಚೆ ಬಣ್ಣದ ಪರೀಕ್ಷೆಯೂ ಆಗಿದೆ. ಅದನ್ನು ನೀನು ನೋಡಿರುವುದಿಲ್ಲ, ಹೇಳುತ್ತೇನೆ. ಯೋನಿಯೊಳಗೆ ಬಿಳಿ ಗಾಜ್ ಬಟ್ಟೆಯ ಉಂಡೆಗಳನ್ನಿಟ್ಟು, ಕ್ಯಾತಿಟರ್ ಎಂಬ ಸಣ್ಣ ಕೊಳವೆಯ ಮೂಲಕ ಮೂತ್ರಚೀಲಕ್ಕೆ ನೀಲಿ ಬಣ್ಣದ ನೀರು ತುಂಬಿಸುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಉಂಡೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತೇವೆ. ನೀಲಿ ತಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ನಾನು ಸೇವೆಯಲ್ಲಿದ್ದಾಗ ಒಬ್ಬ ಹೆಂಗಸು ಮೂರನೆಯ ಉಂಡೆಯೂ ಬೆಳ್ಳಗೆ ಬಂದದ್ದನ್ನು ನೋಡಿ, ಅದನ್ನು ಮನೆಗೆ ಕೊಂಡೊಯ್ಯಲೇ ಎಂದು ಕೇಳಿದ್ದಳು. ನರ್ಸ್ ನಕ್ಕು ಕಾಗದದಲ್ಲಿ ಸುತ್ತಿ ಕೊಟ್ಟಳು.

ನಿನ್ನ ತಂಗಿಯ ಮಗಳ ಉಂಡೆಗಳೂ ಬೆಳ್ಳಗೇ ಬಂದಿವೆ. ಆದರೆ ಚೀಟಿಯ ಕೊನೆಯ ಸಾಲನ್ನು ನಿಮ್ಮಲ್ಲಿ ಯಾರೂ ಓದಿಲ್ಲ. ಓದುವುದಾದರೂ ಹೇಗೆ? ಇಂಗ್ಲಿಷು, ಅದೂ ವೈದ್ಯರ ಅಕ್ಷರ, ಅದೂ ಅರ್ಧ ಸಂಕ್ಷೇಪದಲ್ಲಿ. ಅವಳ ಮುಂದಿನ ಬದುಕೆಲ್ಲ ಆ ಒಂದೂವರೆ ಸಾಲಿನಲ್ಲಿದೆ, ಅವಳಿಗೊಬ್ಬಳಿಗೆ ತಿಳಿಯದ ಭಾಷೆಯಲ್ಲಿ. ಕನ್ನಡದಲ್ಲಿ ಹೇಳುತ್ತೇನೆ, ಅವಳ ಮುಂದೆ ಕೂತು ಓದು. ಗಂಡನೂ ಇರಲಿ.

‘ಮೂರು ತಿಂಗಳು ದಾಂಪತ್ಯ ಸಂಪರ್ಕ ಬೇಡ. ಒಂದು ವರ್ಷ ಗರ್ಭ ಬೇಡ. ಮುಂದಿನ ಹೆರಿಗೆ ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್.’

ಹೊಲಿಗೆಯಾದದ್ದು ವೈಶಾಖದಲ್ಲಿ. ಮೂರು ತಿಂಗಳು ಕಳೆದಿವೆ, ಆದರೂ ನಾನೊಮ್ಮೆ ಪರೀಕ್ಷಿಸಿ ಹೇಳುವವರೆಗೆ ಅವನು ತಾಳಿಕೊಳ್ಳಲಿ. ಗಾಯ ಮಾಗುವಾಗ ಯೋನಿ ಬಿಗಿಯಾಗಿ ಸೇರಿಕೊಳ್ಳುವುದುಂಟು, ಆಗ ಸಂಪರ್ಕವೆಂದರೆ ನರಕ. ಅದಕ್ಕೂ ಉಪಾಯವಿದೆ, ಅವಳು ಬಾಯಿಬಿಟ್ಟು ಹೇಳಬೇಕು ಅಷ್ಟೆ. ಒಂದು ವರ್ಷ ಯಾಕೆಂದರೆ, ಹೊಲಿದ ಜಾಗಕ್ಕೆ ಗಟ್ಟಿಯಾಗಲು, ಅವಳ ಮೈಗೆ ರಕ್ತ ತುಂಬಿಕೊಳ್ಳಲು ಕಾಲ ಬೇಕು. ಮುಟ್ಟು ನಿಂತಿತ್ತು, ಈಗ ಎರಡು ಸಲ ಆಗಿದೆ ಎಂದಳಂತೆ. ಒಳ್ಳೆಯ ಸುದ್ದಿ. ಇಂತಹ ಹೆರಿಗೆಯ ನಂತರ ಸೋಂಕು, ಸೊರಗುವಿಕೆ, ದುಃಖ ಎಲ್ಲ ಸೇರಿ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಮುಟ್ಟು ನಿಲ್ಲುತ್ತದೆ. ಕೆಲವರಲ್ಲಿ ಗರ್ಭಕೋಶದ ಬಾಯಿಯೇ ಗಾಯದಿಂದ ಮುಚ್ಚಿಕೊಂಡು ಬಸುರಾಗುವುದು ಕಷ್ಟವಾಗುತ್ತದೆ. ಮುಟ್ಟು ಮರಳಿದೆಯೆಂದರೆ ಅರ್ಧ ಆತಂಕ ಕಳೆಯಿತು. ಆದರೆ ಮುಟ್ಟು ಮರಳಿದೆಯೆಂದರೆ ಬಸುರೂ ನಿಲ್ಲಬಹುದು ಎಂದೇ ಅರ್ಥ, ಅತ್ತೆ ಅಂದುಕೊಂಡದ್ದಕ್ಕಿಂತ ಬೇಗ.

ಆದ್ದರಿಂದ ಮುಂದಿನ ಬೇಸಿಗೆಯವರೆಗೆ ಅಂತರ ಬೇಕು. ಆರೋಗ್ಯ ಕೇಂದ್ರದಲ್ಲಿ ಗರ್ಭ ತಡೆಯುವ ‘ಅಂತರಾ’ ಚುಚ್ಚುಮದ್ದು ಉಚಿತ, ಒಳ್ಳೆಯದೂ ಹೌದು. ಆದರೆ ಅದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹೆಚ್ಚು ಹಿಡಿಯುತ್ತದೆ, ಅಷ್ಟರಲ್ಲಿ ಅತ್ತೆ ಮನೆಯಲ್ಲಿ ‘ಬಂಜೆ’ ಎಂಬ ಮಾತು ಎದ್ದರೆ ಅವಳು ಕುಗ್ಗಿಹೋಗುತ್ತಾಳೆ. ಅವಳಿಗೆ ವಾರಕ್ಕೊಂದರಂತೆ ನುಂಗುವ ‘ಛಾಯಾ’ ಮಾತ್ರೆ ವಾಸಿ, ಮೊದಲ ಮೂರು ತಿಂಗಳು ಮಾತ್ರ ವಾರಕ್ಕೆ ಎರಡು. ಅಥವಾ ಗಂಡ ನಿರೋಧ್ ಬಳಸಲಿ. ಒಂದು ವರ್ಷ ಅಷ್ಟು ಮಾಡಲಾರದವನು ಗಂಡನೆನಿಸಿಕೊಳ್ಳುವುದು ಯಾಕೆ?

ಸಿಸೇರಿಯನ್ ವಿಷಯ ನಿಮ್ಮಲ್ಲಿ ಜಗಳವಾಗುತ್ತದೆ, ನನಗೆ ಗೊತ್ತು. ‘ಹೊಲಿಗೆ ಹಾಕಿಸಿದ್ದಾಯಿತಲ್ಲ, ಇನ್ನು ತಾನಾಗಿಯೇ ಹೆರಲಿ’ ಎನ್ನುತ್ತಾರೆ. ಎರಡನೆಯದು ಗಂಡನ ಮನೆಯಲ್ಲೇ ಆಗಲಿ ಎಂಬ ವಾಡಿಕೆ ಬೇರೆ. ಸೊಂಟ ಮೊದಲಿನದೇ, ಇನ್ನೊಮ್ಮೆ ತಲೆ ಸಿಕ್ಕಿಕೊಳ್ಳಬಹುದು. ಈ ಸಲ ಒತ್ತಡ ಬೀಳುವುದು ಹೊಲಿದ ಬಟ್ಟೆಯ ಮೇಲೆ. ಮತ್ತೆ ಹರಿದರೆ ಎರಡನೆಯ ಹೊಲಿಗೆ ಮೊದಲಿನಷ್ಟು ಸುಲಭವಾಗಿ ಕೂಡುವುದಿಲ್ಲ, ಪ್ರತಿ ಸಲವೂ ಹೊಲಿಯಲು ಉಳಿಯುವ ಬಟ್ಟೆ ಕಡಿಮೆ. ಅದಕ್ಕೆ ನೋವು ಶುರುವಾಗುವ ಮುಂಚೆಯೇ, ಒಂಬತ್ತು ತುಂಬುವ ಹೊತ್ತಿಗೆ, ರಕ್ತ ಸಿಗುವ ದೊಡ್ಡ ಆಸ್ಪತ್ರೆಯಲ್ಲಿ ಮಾಡಬೇಕು. ತಾಲ್ಲೂಕಿನ ಚಿಕ್ಕ ಆಸ್ಪತ್ರೆ ಸಾಲದು. ಹಳೆಯ ಗಾಯದಿಂದ ಮೂತ್ರಚೀಲ ಗರ್ಭಕೋಶಕ್ಕೆ ಅಂಟಿಕೊಂಡಿರಬಹುದು, ಅದನ್ನು ಬಿಡಿಸಲು ಪಳಗಿದ ಕೈ ಬೇಕು. ಕೊನೆಯ ತಿಂಗಳು ಅವಳು ಆ ಊರಲ್ಲೇ ಇರಲಿ. ನಡುವೆ ಯಾವಾಗಾದರೂ ನೀರು ಹೋದರೆ, ನೋವು ಬಂದರೆ, ಬೆಳಗಾಗಲಿ ಎಂದು ಕಾಯುವಂತಿಲ್ಲ.

ನೀನು ಇತಿಹಾಸ ಹೇಳುವವನು, ಒಂದು ಅಡ್ಡಮಾತು. ನಾವು ಯೋನಿಯ ಪರೀಕ್ಷೆಗೆ ದಿನವೂ ಕೈಗೆತ್ತಿಕೊಳ್ಳುವ ಸಾಧನವೊಂದಕ್ಕೆ ಸಿಮ್ಸ್ ಸ್ಪೆಕ್ಯುಲಮ್ ಎಂದು ಹೆಸರು. ಅಮೆರಿಕದ ಅಲಬಾಮಾದ ವೈದ್ಯ ಜೆ. ಮೇರಿಯನ್ ಸಿಮ್ಸ್ 1840ರ ದಶಕದಲ್ಲಿ ಈ ಹೊಲಿಗೆಯನ್ನು ಕಲಿತದ್ದು ಗುಲಾಮ ಹೆಣ್ಣುಮಕ್ಕಳ ಮೈಮೇಲೆ. ಅನಾರ್ಕಾ ಎಂಬವಳಿಗೆ ಅರಿವಳಿಕೆಯಿಲ್ಲದೆ ಸುಮಾರು 30 ಸಲ ಶಸ್ತ್ರಚಿಕಿತ್ಸೆ ಮಾಡಿ, 1849ರಲ್ಲಿ ಬೆಳ್ಳಿಯ ತಂತಿಯಿಂದ ಹೊಲಿದಾಗ ತೂತು ಮುಚ್ಚಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಸ್ಪೆಕ್ಯುಲಮ್ಮಿಗೆ ಮಾತ್ರ ಅವನ ಹೆಸರೇ ಇದೆ. ಎಷ್ಟೋ ವರ್ಷ ನಾನೂ ಯೋಚಿಸದೆ ‘ಸಿಮ್ಸ್ ಕೊಡಿ’ ಎಂದು ಕೈಚಾಚಿದ್ದೇನೆ.

ಇನ್ನೊಂದು ಹೆಸರು ಹೇಳಿದರೆ ನಿನ್ನ ತಂಗಿಗೆ ಸಮಾಧಾನವಾದೀತು, ‘ಮಗಳ ಬಾಳು ಮುಗಿಯಿತು’ ಎಂದು ಅಳುತ್ತಿದ್ದಾಳಲ್ಲ. ಇಥಿಯೋಪಿಯಾದ ಮಮಿತು ಗಾಶೆ. ಮೊದಲ ಹೆರಿಗೆಯಲ್ಲೇ ಹೀಗಾಗಿ, ಅಡಿಸ್ ಅಬಾಬಾದಲ್ಲಿ ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ಎಂಬ ವೈದ್ಯ ದಂಪತಿಯ ಬಳಿಗೆ ಬಂದ ಹಳ್ಳಿಯ ಹುಡುಗಿ. ಶಾಲೆ ಕಂಡವಳಲ್ಲ. ಅಲ್ಲೇ ಉಳಿದು ವಾರ್ಡಿನ ಕೆಲಸ ಮಾಡುತ್ತಾ, ನೋಡುತ್ತಾ ನೋಡುತ್ತಾ ಕಲಿತು, ಕೊನೆಗೆ ಇದೇ ಶಸ್ತ್ರಚಿಕಿತ್ಸೆ ಮಾಡುವವಳಾದಳು, ಪದವಿ ಪಡೆದ ವೈದ್ಯರಿಗೂ ಹೇಳಿಕೊಟ್ಟಳು. ಆ ದಂಪತಿ 1974ರಲ್ಲಿ ಈ ಕಾಯಿಲೆಗೆಂದೇ ಆಸ್ಪತ್ರೆ ತೆರೆದರು. ಆದರೂ ಹೊಸಬರು ಬರುತ್ತಲೇ ಇದ್ದರು. 2007ರಲ್ಲಿ ಅವರ ಸಂಸ್ಥೆ ಸೂಲಗಿತ್ತಿಯರಿಗಾಗಿ ಕಾಲೇಜು ತೆರೆಯಿತು.

ಈಗ ಅವಸರದ ಮಾತು. ದೀಪಾವಳಿ ಮುಗಿದರೆ ಕಬ್ಬು ಕಡಿಯುವವರನ್ನು ತುಂಬಿಕೊಂಡು ನಿಮ್ಮ ಕಡೆಯ ಲಾರಿಗಳು ಹೊರಡುತ್ತವೆ. ಈ ವರ್ಷದ ಮುಂಗಡವನ್ನು ಅಳಿಯ ಆಗಲೇ ತೆಗೆದುಕೊಂಡಿದ್ದಾನೆಯೇ, ಜೋಡಿ ಲೆಕ್ಕದಲ್ಲೇ? ಅದನ್ನು ನೀನು ಫೋನಿನಲ್ಲಿ ಹೇಳಲಿಲ್ಲ, ನನಗೆ ಅನುಮಾನ ಅಲ್ಲೇ. ತೂತು ಮುಚ್ಚಿದ ಮೇಲೂ ಕೆಮ್ಮಿದರೆ, ಭಾರ ಎತ್ತಿದರೆ ನಾಲ್ಕು ಹನಿ ಸೋರುವುದುಂಟು. ಅದು ಹೊಲಿಗೆ ಬಿಟ್ಟದ್ದಲ್ಲ, ಹಿಡಿತ ಸಡಿಲವಾದದ್ದು. ಬಹಳ ಮಂದಿಗೆ ವ್ಯಾಯಾಮದಿಂದ ಕಡಿಮೆಯಾಗುತ್ತದೆ. ಆದರೆ ತಲೆಯ ಮೇಲೆ ಕಬ್ಬಿನ ಕಟ್ಟು ಹೊತ್ತು ಹಲಗೆ ಹತ್ತುವವಳಿಗೆ ಯಾವ ವ್ಯಾಯಾಮ ಹೇಳಿಕೊಡಲಿ? ಅವಳು ಈ ಸಲ ಹೋಗಬಾರದು. ಅರ್ಧ ಮುಂಗಡ ಮರಳಿಸಬೇಕಾದರೆ ಎಷ್ಟೆಂದು ಕೇಳಿಕೊಂಡು ಬರೆ. ನಿನ್ನದು ಸ್ವಲ್ಪ, ನನ್ನದು ಸ್ವಲ್ಪ. ಸಾಲವೆಂದೇ ಕೊಡೋಣ, ಅವನ ಮಾನವೂ ಉಳಿಯಲಿ.

ಮುಂದೆ ಬಸುರಾದಾಗ ಹೊಸ ತಾಯಿ ಕಾರ್ಡ್ ಮಾಡಿಸಿದ ದಿನವೇ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ, ಕನ್ನಡದಲ್ಲಿ, ‘ಫಿಸ್ಟುಲಾ ಹೊಲಿಗೆ ಆಗಿದೆ, ಸಿಸೇರಿಯನ್ನೇ ಆಗಬೇಕು’ ಎಂದು ಬರೆಸು. ನರ್ಸ್ ಬರೆಯದಿದ್ದರೆ ನೀನೇ ಬರೆ, ನಿನ್ನ ಅಕ್ಷರ ದುಂಡಗಿದೆ. ಕಾರ್ಡ್ ಟ್ರಂಕಿಗೆ ಹೋಗದಿರಲಿ.

ಬರುವ ಗುರುವಾರ ಅವಳನ್ನು ಇಲ್ಲಿಗೆ ಕಳುಹಿಸು. ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಉಳಿಯಲಿ, ಗಂಡ ಜೊತೆಗೆ ಬರಲೇಬೇಕು. ಮೂಲ ಚೀಟಿ ತರಲಿ, ಫೋಟೊ ಸಾಲದು. ಇನ್ನೊಂದು. ಸೋರುವ ಕಾಲದಲ್ಲಿ ಈ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಮೂತ್ರ ಮಂದವಾಗಿ ಉರಿ, ಹುಣ್ಣು, ಕೆಲವರಿಗೆ ಕಲ್ಲು. ವಾಸಿಯಾದ ಮೇಲೂ ಬಸ್ ಹತ್ತುವ ದಿನ ಬೆಳಗಿನಿಂದ ಬಾಯಿಗೆ ಹನಿ ಹಾಕುವುದಿಲ್ಲ. ಅವಳ ಕೈಗೊಂದು ದೊಡ್ಡ ಬಾಟಲಿ ಕೊಡು. ದಾರಿಯಲ್ಲಿ ಎರಡು ಕಡೆ ಇಳಿಯಬೇಕಾಗುತ್ತದೆ ಎಂದು ಕಂಡಕ್ಟರಿಗೆ ಗಂಡನೇ ಹೇಳಲಿ.

ನಿನ್ನ
ಹಳೆಯ ಬೆಂಚಿನ ಗೆಳತಿ