ಪಿಎಚ್.ಡಿ ಮಾಡುವವರಿಗೆ ಕಾನೂನು ಕಾಲೇಜಿನ ಬಾಗಿಲು ಮುಚ್ಚಬೇಡಿ

ಮಾನ್ಯ ಸಂಪಾದಕರೇ,

ಮೂರು ವರ್ಷದ ಎಲ್‌ಎಲ್.ಬಿ ಸೇರಬಯಸುವ ಪಿಎಚ್.ಡಿ ವಿದ್ಯಾರ್ಥಿಗಳ ತೊಡಕೊಂದನ್ನು ನಿಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ. ನಾನು ಕೊಡಗಿನ ನಾಪೋಕ್ಲು ಕಡೆಯವಳು. ಪದವಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿದ್ದುಕೊಂಡು ಅರೆಕಾಲಿಕವಾಗಿ ಸಂಶೋಧನೆ ಮಾಡುತ್ತಿದ್ದೇನೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಲ್ಲಿಂದ 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರುವವರೆಗಿನ ಭೂ ಹಿಡುವಳಿ ಪದ್ಧತಿ ನನ್ನ ವಿಷಯ.

ಈ ವಿಷಯಕ್ಕೆ ಕೈಹಾಕಿದವರು ಕಾನೂನು ಓದದೆ ಮುಂದೆ ಹೋಗಲಾಗುವುದಿಲ್ಲ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಗೆ, ಪೂರ್ಣ ಕಂದಾಯದ ಸಾಮಾನ್ಯ ಹಿಡುವಳಿಯಾದ ಸಾಗು ಭೂಮಿಯ ಅರ್ಧದಷ್ಟೇ ಕಂದಾಯ ಏಕಿತ್ತು, ಅದನ್ನು ಪರಭಾರೆ ಮಾಡಲು ಸರ್ಕಾರದ ಅನುಮತಿ ಏಕೆ ಬೇಕಿತ್ತು ಎಂಬುದನ್ನು ಇತಿಹಾಸಕಾರರು ವಿವರಿಸಬಹುದು. ಆದರೆ 1899ರ ಕೊಡಗು ಭೂ ಕಂದಾಯ ರೆಗ್ಯುಲೇಷನ್ ಏನನ್ನು ಕೊಟ್ಟಿತು, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಂ ಅದರಲ್ಲಿ ಯಾವುದನ್ನು ಉಳಿಸಿತು, ಜಮ್ಮಾ ಬಾಣೆಯ (ಜಮ್ಮಾ ಗದ್ದೆಗೆ ಹೊಂದಿಕೊಂಡ ಮರ, ಸೊಪ್ಪಿನ ಜಾಗ) ಮೇಲಿರುವುದು ಒಡೆತನವೋ ಬರಿಯ ಸವಲತ್ತೋ ಎಂಬಲ್ಲಿಗೆ ಬಂದಾಗ ಇತಿಹಾಸದ ಎಂ.ಎ ಸಾಲುವುದಿಲ್ಲ. ತೀರ್ಪುಗಳನ್ನು ಓದುವುದಕ್ಕೇ ಒಂದು ತರಬೇತಿ ಬೇಕು. ಪೀಠ ಯಾವುದನ್ನು ನಿರ್ಣಯಿಸಿತು, ಯಾವುದನ್ನು ಪ್ರಾಸಂಗಿಕವಾಗಿ ಹೇಳಿತು ಎಂದು ಬಿಡಿಸಿ ನೋಡಲು ಗೊತ್ತಿಲ್ಲದವರು ಪ್ರಬಂಧದಲ್ಲಿ ತೀರ್ಪನ್ನು ಉದ್ಧರಿಸಿದರೆ ಅದು ಅಪಾಯವೇ.

ಕ್ಷೇತ್ರಕಾರ್ಯಕ್ಕೆಂದು ಪೊನ್ನಂಪೇಟೆ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆ. ಮನೆಯ ಹಿರಿಯರು ಕಬ್ಬಿಣದ ಪೆಟ್ಟಿಗೆಯಿಂದ ಪಹಣಿ, ಹಳೆಯ ಕಂದಾಯದ ರಸೀದಿ, ಬ್ಯಾಂಕಿನವರು ಹಿಂದಿರುಗಿಸಿದ ಸಾಲದ ಅರ್ಜಿ ಎಲ್ಲವನ್ನೂ ತೆಗೆದು ಊಟದ ಮೇಜಿನ ಮೇಲೆ ಹರಡಿದರು. ಪಹಣಿಯಲ್ಲಿ ಪಟ್ಟೇದಾರರಾಗಿ, ಅಂದರೆ ಕುಟುಂಬದ ಪರವಾಗಿ ಭೂಮಿ ಯಾರ ಹೆಸರಿನಲ್ಲಿದೆಯೋ ಅವರಾಗಿ, ಇನ್ನೂ ಅವರ ಅಜ್ಜನ ಹೆಸರೇ ಇದೆ. ಕಾಫಿ ಗಿಡ ನೆಟ್ಟವರು ಇವರು, ಕಪಾತು ಮಾಡಿಸುವವರು ಇವರು, ಕಾಡಾನೆ ನುಗ್ಗಿದಾಗ ನಷ್ಟ ಅನುಭವಿಸುವವರೂ ಇವರೇ. ನನ್ನ ಟಿಪ್ಪಣಿ ಪುಸ್ತಕವನ್ನು ನೋಡುತ್ತಾ, ‘ನೀನು ಬರೆಯುವುದು ಕೋರ್ಟಿನಲ್ಲಿ ನಿಲ್ಲುತ್ತದೆಯೇ ಮಗಳೇ?’ ಎಂದು ಕೇಳಿದರು. ಕಾನೂನು ಓದಲೇಬೇಕು ಎಂದು ನಾನು ನಿರ್ಧರಿಸಿದ್ದು ಆಗಲೇ.

ಪ್ರವೇಶಕ್ಕೆ ಮೈಸೂರಿನಲ್ಲಿ ವಿಚಾರಿಸಿದೆ. ಒಂದು ಕಾಲೇಜಿನವರು, ಬೇರೆ ಯಾವ ಕೋರ್ಸಿಗೂ ನೋಂದಾಯಿಸಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು, ಇಲ್ಲವೇ ಪಿಎಚ್.ಡಿ ನೋಂದಣಿ ರದ್ದುಪಡಿಸಿದ ಪತ್ರ ತರಬೇಕು ಎಂದರು. ಇನ್ನೊಂದು ಕಾಲೇಜಿನ ಸಿಬ್ಬಂದಿ ದನಿ ತಗ್ಗಿಸಿ, ‘ಅದನ್ನೆಲ್ಲ ನೀವೇಕೆ ಹೇಳಲು ಹೋಗುತ್ತೀರಿ, ಸುಮ್ಮನೆ ಸಹಿ ಹಾಕಿ’ ಎಂದು ಸಲಹೆ ಕೊಟ್ಟರು. ನಾಳೆ ವಕೀಲಿಕೆಯ ಸನ್ನದು ಪಡೆದು ನ್ಯಾಯಾಲಯದ ಮುಂದೆ ನಿಲ್ಲಬೇಕಾದವರು ಮೊದಲ ದಿನವೇ ಸುಳ್ಳು ಘೋಷಣೆಗೆ ಸಹಿ ಹಾಕಬೇಕೇ? ನಾನು ಹಾಕಲಿಲ್ಲ, ಹಾಕುವುದೂ ಇಲ್ಲ. ಆದರೆ ಅನೇಕರು ಬೇರೆ ದಾರಿ ಕಾಣದೆ ಹಾಕುತ್ತಿದ್ದಾರೆ ಎಂಬುದು ಸಹಪಾಠಿಗಳ ಮಾತಿನಿಂದ ತಿಳಿಯುತ್ತದೆ.

ನಿಯಮಗಳಲ್ಲೇ ಗೊಂದಲವಿದೆ. ಏಕಕಾಲಕ್ಕೆ ಎರಡು ಪದವಿ ಓದಬಹುದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿದಾಗ ಎಲ್ಲರಂತೆ ನಾನೂ ಸಂತೋಷಪಟ್ಟೆ. ಓದಿ ನೋಡಿದರೆ ಅದು ಪಿಎಚ್.ಡಿಗೆ ಅನ್ವಯಿಸುವುದಿಲ್ಲ ಎಂಬ ಸಾಲು ಅದರಲ್ಲೇ ಇದೆ. ಇತ್ತ ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ 6ನೇ ನಿಯಮ, ಕಾನೂನು ಪದವಿಯ ಜೊತೆಗೆ ಬೇರೆ ಪದವಿ, ಸ್ನಾತಕೋತ್ತರ ಅಥವಾ ಸರ್ಟಿಫಿಕೇಟ್ ಕೋರ್ಸಿಗೆ ನೋಂದಾಯಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಆ ಸಾಲಿನಲ್ಲಿ ಪಿಎಚ್.ಡಿ ಎಂಬ ಹೆಸರೇ ಇಲ್ಲ. ಸ್ನಾತಕೋತ್ತರ ಎಂಬುದರೊಳಗೆ ಅದೂ ಸೇರಿತು ಎಂದು ಒಬ್ಬರು, ಸೇರಲಿಲ್ಲ ಎಂದು ಇನ್ನೊಬ್ಬರು ಅರ್ಥ ಮಾಡುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಪರಿಷತ್ತು ಹೊರಡಿಸಿದ ಸುತ್ತೋಲೆಯ ಪ್ರಕಾರ ಕಾನೂನು ವಿದ್ಯಾರ್ಥಿಗಳು ಬೇರೆ ಪದವಿ ಓದುತ್ತಿದ್ದರೆ, ಉದ್ಯೋಗದಲ್ಲಿದ್ದರೆ ಅದನ್ನು ಘೋಷಿಸಬೇಕು. ಘೋಷಣೆ ತಪ್ಪಾದರೆ ಮುಂದೆ ಸನ್ನದಿಗೇ ಕುತ್ತು. ಇಷ್ಟು ದೊಡ್ಡ ಪರಿಣಾಮವಿರುವ ಪ್ರಶ್ನೆಯನ್ನು ಕಾಲೇಜು ಕಚೇರಿಯ ಗುಮಾಸ್ತರ ವ್ಯಾಖ್ಯಾನಕ್ಕೆ ಬಿಟ್ಟಿರುವುದು ಸರಿಯಲ್ಲ.

6ನೇ ನಿಯಮದಲ್ಲಿ ವಿನಾಯಿತಿಗಳಿವೆ ಎನ್ನುವವರಿದ್ದಾರೆ. ದೂರಶಿಕ್ಷಣದ ಕೋರ್ಸಿಗೆ ವಿನಾಯಿತಿ ಇದೆ, ನಿಜ. ಆದರೆ ದೂರಶಿಕ್ಷಣದಲ್ಲಿ ಪಿಎಚ್.ಡಿ ಮಾಡಲು ಯುಜಿಸಿ ಬಿಡುವುದಿಲ್ಲ. ಅದೇ ಸಂಸ್ಥೆಯ ಸಂಯೋಜಿತ ಪದವಿಗೂ ವಿನಾಯಿತಿ ಇದೆ. ನಮ್ಮ ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿವೆ. ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರದ ಪಿಎಚ್.ಡಿಗಳು ಬೇರೆ ವಿಶ್ವವಿದ್ಯಾಲಯಗಳಲ್ಲಿ. ಹಾಗಿರುವಾಗ ‘ಅದೇ ಸಂಸ್ಥೆ’ಯನ್ನು ಎಲ್ಲಿಂದ ತರುವುದು?

ಅಮೆರಿಕದ ನಾರ್ತ್‌ವೆಸ್ಟರ್ನ್, ಸ್ಟ್ಯಾನ್‌ಫರ್ಡ್‌ನಂತಹ ವಿಶ್ವವಿದ್ಯಾಲಯಗಳಲ್ಲಿ ಕಾನೂನು ಪದವಿಯಾದ ಜೆ.ಡಿ ಹಾಗೂ ಪಿಎಚ್.ಡಿಯನ್ನು ಜೊತೆಜೊತೆಗೆ ಮಾಡುವ ವ್ಯವಸ್ಥೆಯೇ ಇದೆ. ವಿದ್ಯಾರ್ಥಿ ಕೆಲವು ವರ್ಷ ಇಲ್ಲಿ, ಕೆಲವು ವರ್ಷ ಅಲ್ಲಿ ಓದುತ್ತಾನೆ. ಒಂದು ಕಡೆ ಗಳಿಸಿದ ಕ್ರೆಡಿಟ್‌ಗಳಲ್ಲಿ ಒಂದಿಷ್ಟನ್ನು ಇನ್ನೊಂದು ಕಡೆಯೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲಿಯೂ ಕಾನೂನು ಓದು ಪದವಿಯ ನಂತರದ್ದು, ಮೂರು ವರ್ಷದ್ದು. ನಮ್ಮ ಮೂರು ವರ್ಷದ ಎಲ್‌ಎಲ್.ಬಿಯೂ ಹಾಗೆಯೇ ಇದೆಯಲ್ಲ.

ಪರಿಷತ್ತಿನ ಆತಂಕ ನನಗೆ ಅರ್ಥವಾಗುತ್ತದೆ. ವಾರಕ್ಕೆ 30 ಗಂಟೆ ತರಗತಿ, ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ಪಾಠ, ಶೇ 70 ಹಾಜರಾತಿ ಎಂದು ನಿಯಮ ಮಾಡಿರುವುದು ಕಾನೂನು ಪದವಿ ಹೆಸರಿಗಷ್ಟೇ ಆಗಬಾರದೆಂದು. ಹಾಜರಾತಿ ಪುಸ್ತಕದಲ್ಲಿ ಮಾತ್ರ ಇರುವ ವಿದ್ಯಾರ್ಥಿಗಳನ್ನು ಉಪನ್ಯಾಸಕಿಯಾಗಿ ನಾನೂ ಕಂಡಿದ್ದೇನೆ. ಆ ಶೇ 70ರಲ್ಲಿ ಒಂದು ಅಂಶವನ್ನೂ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಮಡಿಕೇರಿಯಿಂದ ಮೈಸೂರಿಗೆ ನಿತ್ಯ ಬಸ್ಸಿನಲ್ಲಿ ಓಡಾಡಿ, ಅದರಲ್ಲೂ ಮಳೆಗಾಲದಲ್ಲಿ, ಎಲ್‌ಎಲ್.ಬಿ ಮಾಡಲಾಗದು ಎಂಬುದು ನನಗೆ ಗೊತ್ತು. ಅತಿಥಿ ಉಪನ್ಯಾಸಕಿಯ ಕೆಲಸ ಬಿಟ್ಟು ಮೈಸೂರಿನಲ್ಲಿ ಕೋಣೆ ಹಿಡಿಯಲು ಮನೆಯವರೂ ಒಪ್ಪಿದ್ದಾರೆ. ಕೋರ್ಸ್‌ವರ್ಕ್, ಅಂದರೆ ಪಿಎಚ್.ಡಿಯ ಆರಂಭದ ಪಾಠಗಳನ್ನು ಮುಗಿಸಿದ ಅರೆಕಾಲಿಕ ಸಂಶೋಧಕರಿಗೆ ಹಾಜರಾಗಬೇಕಾದ ತರಗತಿಯೇ ಇರುವುದಿಲ್ಲ. ದಾಖಲೆ ಓದುವುದು, ಬರೆಯುವುದು, ಆಗಾಗ ಮಾರ್ಗದರ್ಶಕರನ್ನು ಕಾಣುವುದು, ಪ್ರಗತಿ ವರದಿ ಒಪ್ಪಿಸುವುದು, ಇಷ್ಟೇ. ತರಗತಿಗೆ ತರಗತಿ ಅಡ್ಡ ಬರುವುದಿಲ್ಲ ಎಂದಾದ ಮೇಲೆ ನಿಷೇಧಕ್ಕೆ ಕಾರಣವೇನು?

ಒಂದಾದ ಮೇಲೆ ಒಂದು ಮಾಡಿ ಎಂಬ ಸಲಹೆ ಕೇಳಲು ಸರಳ. 2022ರ ಯುಜಿಸಿ ನಿಯಮಾವಳಿಯಂತೆ ಪಿಎಚ್.ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ; ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಮತ್ತೆರಡು ವರ್ಷದ ರಿಯಾಯಿತಿ. ಅದರ ಮೇಲೆ ಎಲ್‌ಎಲ್.ಬಿಯ ಮೂರು ವರ್ಷ. ನಲವತ್ತರ ಹತ್ತಿರವಿರುವ, ಮನೆ ಮಕ್ಕಳನ್ನು ನೋಡಿಕೊಂಡು ಓದುವ ಹೆಂಗಸಿಗೆ ಇದರ ಅರ್ಥ ‘ಬೇಡ ಬಿಡಿ’ ಎಂದೇ. ಈಗ ಪಿಎಚ್.ಡಿ ರದ್ದು ಮಾಡಿದರೆ ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್, ಮಾರ್ಗದರ್ಶಕರ ಹುಡುಕಾಟ ಎಲ್ಲವನ್ನೂ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಇದು ನನ್ನೊಬ್ಬಳ ಅನುಕೂಲದ ಮಾತಲ್ಲ. ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಅದರಡಿ ಹಕ್ಕು ಪಡೆಯಲು ಕೊಡಗಿನ ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳಲ್ಲಿ) ಇರುವ ಜೇನುಕುರುಬರು, ಯರವರು ತಾವು 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಆ ಕಾಡಿನಲ್ಲಿ ಇದ್ದೇವೆಂದು ತೋರಿಸಬೇಕು. ಯಾವುದನ್ನೆಲ್ಲ ಸಾಕ್ಷ್ಯವಾಗಿ ಸ್ವೀಕರಿಸಬಹುದು ಎಂದು ಹೇಳುವ ನಿಯಮದಲ್ಲಿ ಗೆಜೆಟಿಯರ್, ಸರ್ವೆ ವರದಿ, ನಕ್ಷೆ, ಹಿರಿಯರ ಹೇಳಿಕೆಗಳ ಜೊತೆಗೆ ಸಂಶೋಧನಾ ಅಧ್ಯಯನಗಳೂ ಇವೆ. ಕಾನೂನೇ ಸಂಶೋಧನೆಯನ್ನು ಸಾಕ್ಷ್ಯವೆಂದು ಕರೆಯುತ್ತಿದೆ. ಆ ಅಧ್ಯಯನ ಮಾಡಿದವರಿಗೇ ಅರ್ಜಿ ಬರೆಯಲು, ಮೇಲ್ಮನವಿ ವಾದಿಸಲು ಬರುವಂತಾದರೆ ಹಾಡಿಯ ಜನರಿಗೆ ಎಷ್ಟು ಬಲ ಬರುತ್ತದೆ ಎಂದು ಯೋಚಿಸಬೇಕು.

ಆದ್ದರಿಂದ ವಕೀಲರ ಪರಿಷತ್ತು ಮತ್ತು ಯುಜಿಸಿ ಒಟ್ಟಿಗೆ ಕುಳಿತು, ಕೋರ್ಸ್‌ವರ್ಕ್ ಮುಗಿಸಿದ ಅರೆಕಾಲಿಕ ಪಿಎಚ್.ಡಿ ವಿದ್ಯಾರ್ಥಿಗಳು ಹಾಜರಾತಿ ನಿಯಮಕ್ಕೆ ಬದ್ಧರಾಗಿ ಎಲ್‌ಎಲ್.ಬಿ ಸೇರಬಹುದು ಎಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಅದು ಆಗದಿದ್ದರೆ, ಕಾನೂನು ಓದುವ ಮೂರು ವರ್ಷ ಸಂಶೋಧನೆಯ ನೋಂದಣಿಯನ್ನು ರದ್ದುಪಡಿಸದೆ ತಡೆಹಿಡಿದು, ಆ ಅವಧಿಯನ್ನು ಆರು ವರ್ಷದ ಲೆಕ್ಕದಿಂದ ಹೊರಗಿಡಲು ವಿಶ್ವವಿದ್ಯಾಲಯಗಳಿಗೆ ಅಧಿಕಾರ ಕೊಡಲಿ. ಮುಂದಿನ ಸಾಲಿನ ಪ್ರವೇಶ ಪ್ರಕಟಣೆ ಹೊರಬೀಳುವ ಮೊದಲೇ ಇದು ಆದರೆ ನನ್ನಂಥವರು ಅರ್ಜಿ ನಮೂನೆಯಲ್ಲಿ ನಿಜವನ್ನೇ ಬರೆದು ಸೇರಬಹುದು.

ಇಂತು ತಮ್ಮ ವಿಶ್ವಾಸಿ,
ಸಂಶೋಧನಾ ವಿದ್ಯಾರ್ಥಿನಿ,
ನಾಪೋಕ್ಲು, ಕೊಡಗು ಜಿಲ್ಲೆ