ಕ್ಯಾಮೆರಾ ಕೊಂಡವರಿಗೆ ಕೂರಲೊಂದು ಕೋಣೆ

ಮಾನ್ಯ ಸಂಪಾದಕರೇ,

ವಿಶ್ವ ಛಾಯಾಗ್ರಹಣ ದಿನವಾದ ಆಗಸ್ಟ್ 19 ಬಂತೆಂದರೆ ಪತ್ರಿಕೆಗಳಿಗೆ ಫೋಟೋ ತೆಗೆಯುವ ವಿಧಾನ ರೂಪಿಸಿದ ಫ್ರಾನ್ಸಿನ ಡಾಗೆರೆ ನೆನಪಾಗುತ್ತಾನೆ. 1839ರಲ್ಲಿ ಅವನ ವಿಧಾನವನ್ನು ಫ್ರಾನ್ಸ್ ಸರ್ಕಾರ ಲೋಕಕ್ಕೆ ಬಿಟ್ಟುಕೊಟ್ಟ ದಿನ ಅದು. ಪಕ್ಕದಲ್ಲೇ ಯಾವ ಕ್ಯಾಮೆರಾ ಕೊಳ್ಳಬೇಕೆಂಬ ಬರಹವೂ ಇರುತ್ತದೆ. ಕೊಂಡ ಮೇಲೆ ಯಾರ ಜತೆ ಕೂತು ಕಲಿಯಬೇಕೆಂದು ಮಾತ್ರ ಯಾರೂ ಬರೆಯುವುದಿಲ್ಲ. ಸಾಲ ಮಾಡಿ ತಂದ ಬಾಡಿ, ಲೆನ್ಸು ಎರಡನೇ ವರ್ಷಕ್ಕೆ ಬೀರು ಸೇರುವುದಕ್ಕೆ ಇದೂ ಒಂದು ಕಾರಣ.

ಕರಾವಳಿಯ ಕಂಬಳವನ್ನೇ ನೋಡಿ. ರಾತ್ರಿ ಫ್ಲಡ್‌ಲೈಟಿನಡಿ ಓಡುವ ಕೋಣಗಳನ್ನು ಮಿರರ್‌ಲೆಸ್ ಕ್ಯಾಮೆರಾದ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್‌ನಲ್ಲಿ 1/2000 ಸೆಕೆಂಡಿಗೆ ತೆಗೆದರೆ ಚಿತ್ರದ ಉದ್ದಗಲಕ್ಕೂ ಅಡ್ಡಪಟ್ಟೆಗಳು ಬೀಳಬಹುದು. ಚಿತ್ರ ಹಿಡಿಯುವ ಸೆನ್ಸರೇ ಹೋಯಿತೆಂದು ಹೊಸಬರು ಸರ್ವಿಸ್ ಸೆಂಟರಿಗೆ ಓಡುತ್ತಾರೆ. ಸೆನ್ಸರಿಗೆ ಏನೂ ಆಗಿರುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟೆಯಾಗಿ ಕೂರುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, ದೀಪದ ಮಿನುಗು ನೋಡಿಕೊಂಡು ಕ್ಲಿಕ್ಕಿಸುವ ಆಂಟಿ-ಫ್ಲಿಕರ್ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅದಾಗದಿದ್ದರೆ 1/100ಕ್ಕೆ ಇಳಿಸಿ, ಕೋಣಗಳ ವೇಗಕ್ಕೆ ಕ್ಯಾಮೆರಾ ತಿರುಗಿಸುತ್ತ ಪ್ಯಾನ್ ಮಾಡಬೇಕು. ಇದನ್ನು ಒಮ್ಮೆ ಅನುಭವಿಸಿದವರು ಪಕ್ಕದಲ್ಲಿದ್ದರೆ ಎರಡು ನಿಮಿಷದ ಮಾತು.

ಇಂಥ ಸಲಹೆ ಯೂಟ್ಯೂಬಿನಲ್ಲೂ ಸಿಕ್ಕೀತು ಅನ್ನಿ. ಅಲ್ಲಿ ಸಿಗದಿರುವುದು ನಾವೇ ತೆಗೆದ ಫೋಟೋಗಳ ವಿಮರ್ಶೆ. ಅದಕ್ಕೆ ಹತ್ತು ಹನ್ನೆರಡು ಮಂದಿ, ಸ್ವಲ್ಪ ಕತ್ತಲಿರುವ ಕೋಣೆ, ಒಂದು ಪ್ರೊಜೆಕ್ಟರ್ ಅಥವಾ ದೊಡ್ಡ ಟಿವಿ ಸಾಕು. ತಲಾ 3 ಚಿತ್ರ, ಉದ್ದದ ಬದಿ 1920 ಪಿಕ್ಸೆಲ್, ಜೆಪೆಗ್ ಫೈಲು, ಎಸ್‌ಆರ್‌ಜಿಬಿ ಬಣ್ಣವ್ಯವಸ್ಥೆ. ಇನ್ನೊಂದು ಬಣ್ಣವ್ಯವಸ್ಥೆಯಾದ ಅಡೋಬಿ ಆರ್‌ಜಿಬಿಯಲ್ಲೇ ಬಿಟ್ಟರೆ ಟಿವಿಯಲ್ಲಿ ಬಣ್ಣ ಸಪ್ಪೆಯಾಗಿ ಕಾಣುತ್ತದೆ, ಬೈಗುಳ ಪಾಪ ಛಾಯಾಗ್ರಾಹಕನಿಗೆ. ಫೈಲಿನ ಮೇಲೆ ಹೆಸರು ಬೇಡ, ಸಂಖ್ಯೆ ಇರಲಿ. ಮೊದಲ 30 ಸೆಕೆಂಡು ಯಾರೂ ಮಾತಾಡಬಾರದು. ಆಮೇಲೆ ಒಬ್ಬೊಬ್ಬರೂ ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತೆಂದು ಹೇಳಬೇಕು. ತೆಗೆದವರು ಕೊನೆಯವರೆಗೂ ಬಾಯಿ ಬಿಡುವಂತಿಲ್ಲ.

ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯ. ತೆಗೆದವರ ತಲೆಯಲ್ಲಿ ಕೆಸರಿನ ವಾಸನೆ, ಓಟ ಮುಗಿಯುವ ಮಂಜೊಟ್ಟಿಯ ಬಳಿ ನಾಲ್ಕು ಗಂಟೆ ಕಾದ ಕಾಲುನೋವು, ಜನರ ಕೂಗು ಎಲ್ಲ ಇರುತ್ತದೆ. ಪರದೆಯ ಮೇಲೆ ಅದ್ಯಾವುದೂ ಇರುವುದಿಲ್ಲ. ಅವರಿಗೆ ಕಾಣುವುದು ಚಿಮ್ಮಿದ ನೀರು. ಉಳಿದವರಲ್ಲಿ ಹೆಚ್ಚಿನವರ ಕಣ್ಣು ಹೋಗುವುದು ಬಲಮೂಲೆಯ ಬಿಳಿ ಪ್ಲಾಸ್ಟಿಕ್ ಕುರ್ಚಿಗೆ. ಮುಂದಿನ ಸಲ ಎರಡು ಹೆಜ್ಜೆ ಎಡಕ್ಕೆ ಸರಿದು ಮಂಡಿಯೂರುವುದು ಆ ಕುರ್ಚಿಯ ಕೃಪೆಯಿಂದಲೇ. ಒಂದು 8x12 ಇಂಚಿನ ಪ್ರಿಂಟು, ಇಂಗ್ಲಿಷಿನ ಎಲ್ ಆಕಾರಕ್ಕೆ ಕತ್ತರಿಸಿದ ಎರಡು ರಟ್ಟು ಇದ್ದರೆ ಇನ್ನೂ ಚೆನ್ನ. ರಟ್ಟನ್ನು ಅತ್ತಿತ್ತ ಸರಿಸುತ್ತ ಎಲ್ಲಿ ಕ್ರಾಪ್ ಮಾಡಬಹುದಿತ್ತೆಂದು ಎಲ್ಲರೂ ಕಣ್ಣಾರೆ ನೋಡಬಹುದು. ಚಿತ್ರಕ್ಕೆ 5 ನಿಮಿಷವೆಂದರೂ 36 ಚಿತ್ರಕ್ಕೆ 3 ಗಂಟೆ ಹಿಡಿಯುತ್ತದೆ. ಜನ ಹೆಚ್ಚಾದರೆ ತಲಾ ಎರಡಕ್ಕೆ ಇಳಿಸಿ, ಮಾತಿನ ಸಮಯ ಕತ್ತರಿಸಬೇಡಿ.

ಲೆನ್ಸ್ ಎರವಲು, ಮಳೆಗಾಲದ ಫಂಗಸ್ಸಿಗೆ ಸಿಲಿಕಾ ಜೆಲ್, ಡಬ್ಬಿಯೊಳಗಿನ ತೇವಾಂಶವನ್ನು ಶೇ 40-50ರಲ್ಲಿ ಇಡುವ ಉಪಾಯ, ಇವೆಲ್ಲ ಇಂಥ ಗುಂಪಿನ ಜತೆಗೆ ಬರುವ ಲಾಭ. ಎರವಲು ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿಡಿ, ಬಿದ್ದರೆ ರಿಪೇರಿ ಖರ್ಚು ಯಾರದೆಂದು ಮೊದಲೇ ಮಾತಾಡಿಕೊಳ್ಳಿ. ಬಹಳ ಗೆಳೆತನಗಳು ಒಡೆದಿರುವುದು ಇಲ್ಲೇ.

ಗುಂಪುಗಳು ಕೆಡುವುದೂ ಉಂಟು. ಹಿರಿಯರೊಬ್ಬರು ಗುರುಪೀಠ ಏರಿ, ಚೌಕಟ್ಟನ್ನು ಮೂರು ಸಮಪಾಲು ಮಾಡುವ ಗೆರೆಯ ಮೇಲೆ ಕೂರದ ಚಿತ್ರವನ್ನೆಲ್ಲ ತಳ್ಳಿಹಾಕತೊಡಗಿದರೆ ವರ್ಷದೊಳಗೆ ಎಲ್ಲರ ಚಿತ್ರವೂ ಒಂದೇ ಥರ ಕಾಣುತ್ತದೆ. ವಿಮರ್ಶೆ ನಡೆಸುವ ಕೆಲಸ ತಿಂಗಳಿಗೊಬ್ಬರ ಕೈಗೆ ಹೋಗುವುದು ಅದಕ್ಕೆ ಮದ್ದು. ಇನ್ನೊಂದು ರೋಗ ಸಲೊನ್, ಅಂದರೆ ಫೋಟೋ ಸ್ಪರ್ಧೆಗಳ, ಪದಕದ ಹುಚ್ಚು. ಪ್ರವೇಶ ಶುಲ್ಕ ಕಟ್ಟಿ ಕಟ್ಟಿ ಅದೇ ಮಿಂಚುಳ್ಳಿ, ಅದೇ ಮೀನು. ಆದರೂ ಅಲ್ಲಿನ ನಿಯಮ ತಿಳಿದವರು ಗುಂಪಿನಲ್ಲಿರಬೇಕು. ಛಾಯಾಗ್ರಹಣ ಸಂಸ್ಥೆಗಳಾದ ಎಫ್‌ಐಎಪಿ, ಪಿಎಸ್‌ಎಗಳ ಮಾನ್ಯತೆಯ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು, ಅಡ್ಡ ಬಂದ ಒಂದು ಕಡ್ಡಿಯನ್ನು ಅಳಿಸುವಂತಿಲ್ಲ. ಮೂಲ ಫೈಲ್ ಕೇಳಿದಾಗ ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಇದು ಗೊತ್ತಿಲ್ಲದವರೇ. ಗೂಡಿನ ಚಿತ್ರವನ್ನಂತೂ ಗುಂಪೇ ನಿಷೇಧಿಸಬೇಕು. ಎಲೆ ಸರಿಸಿ ತೆಗೆದ ಒಂದು ಕ್ಲಿಕ್ಕಿಗೆ ಮರಿಗಳು ಬಿಸಿಲಿಗೆ, ಕಾಗೆಗೆ ತುತ್ತಾಗುತ್ತವೆ.

ಕೂತು ಕಲಿಯಲು ಗುಂಪಿಲ್ಲವೆಂಬ ಚಿಂತೆ ಬೆಂಗಳೂರಿಗಿಲ್ಲ. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಅಲ್ಲಿದೆ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅಂಥವರೂ ಹಿರಿಯ ಛಾಯಾಗ್ರಾಹಕ ಓ.ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿದ ಊರು ಅದು. ತಾಲ್ಲೂಕು ಕೇಂದ್ರಗಳಲ್ಲಿ ಮದುವೆ ಫೋಟೋ ತೆಗೆಯುವವರು, ಹಕ್ಕಿ ಹುಚ್ಚಿನ ಮೇಷ್ಟರು, ಕಾಲೇಜು ಹುಡುಗಿಯರು ಒಬ್ಬರಿಗೊಬ್ಬರು ಗುರುತೇ ಇಲ್ಲದೆ ಒಂದೇ ಕೆರೆ ದಂಡೆಯಲ್ಲಿ ಓಡಾಡುತ್ತಿರುತ್ತಾರೆ. ಸಾರ್ವಜನಿಕ ಗ್ರಂಥಾಲಯಗಳೂ ಕಾಲೇಜುಗಳೂ ಮನಸ್ಸು ಮಾಡಬೇಕು. ಪರದೆ ಎಳೆಯಬಹುದಾದ ಕಿಟಕಿ, ಒಂದು ಪ್ಲಗ್ ಪಾಯಿಂಟ್, ತಿಂಗಳಿಗೊಂದು ಭಾನುವಾರ ಬೀಗದ ಕೈ ಕೊಟ್ಟರೆ ಸಾಕು. ಪ್ರೊಜೆಕ್ಟರನ್ನು ಛಾಯಾಗ್ರಾಹಕರೇ ಹೊತ್ತು ತರುತ್ತಾರೆ.

ಹವ್ಯಾಸಿ ಛಾಯಾಗ್ರಾಹಕ, ಉಡುಪಿ